ವಿಜಯನಗರದ ದಾಸವಾಳ

ಮೆಜೆಸ್ಟಿಕ್ಕಿನ ನೆಲದಡಿಯ ನಿಲ್ದಾಣದಿಂದ ಪಡುವಣಕ್ಕೆ ಹೊರಟ ಮೆಟ್ರೊ ರೈಲು ಮಾಗಡಿ ರಸ್ತೆಯ ಹೊತ್ತಿಗೆ ಬೆಳಕಿಗೆ ಬಂದು, ಮನೆಗಳ ನೆತ್ತಿಯ ಮಟ್ಟಕ್ಕೆ ಏರಿ, ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆಗಳನ್ನು ಹಾದು ಮೈಸೂರು ರಸ್ತೆಯತ್ತ ಸಾಗುತ್ತದೆ. 2015ರ ನವೆಂಬರಿನಲ್ಲಿ ಈ ಹಾದಿ ತೆರೆದಂದಿನಿಂದ ವಿಜಯನಗರವನ್ನು ಮೇಲಿನಿಂದ ನೋಡುವ ಅವಕಾಶ ಎಲ್ಲರಿಗೂ ದೊರೆತಿದೆ. ಹಾಗೆ ನೋಡುವವರಿಗೆ ಮೊದಲು ಕಾಣುವುದು ಸಿಮೆಂಟಿನ ಮಹಡಿಗಳು, ಕಪ್ಪು ನೀರಿನ ತೊಟ್ಟಿಗಳು, ಒಣಹಾಕಿದ ಬಟ್ಟೆಗಳು. ಕಣ್ಣು ಸ್ವಲ್ಪ ಪಳಗಿದ ಮೇಲೆ ಇವುಗಳ ನಡುವೆ ಅಲ್ಲಲ್ಲಿ ಹಸುರಿನ ತುಣುಕುಗಳೂ ಕೆಂಪಿನ ಚುಕ್ಕೆಗಳೂ ಕಾಣತೊಡಗುತ್ತವೆ. ಆ ಕೆಂಪು ಬಹುಮಟ್ಟಿಗೆ ದಾಸವಾಳದ್ದು.

ಊರಿನ ಹೆಸರೇ ಹೂವನ್ನು ನೆನಪಿಗೆ ತರುವಂಥದು. ತುಂಗಭದ್ರೆಯ ದಡದ ಹಳೆಯ ವಿಜಯನಗರಕ್ಕೆ 1443ರಲ್ಲಿ ಬಂದಿದ್ದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿನ ಪೇಟೆಯಲ್ಲಿ ಎಲ್ಲೆಲ್ಲೂ ಗುಲಾಬಿಯ ಮಾರಾಟವನ್ನು ಕಂಡು ಬೆರಗಾದನು. ಅಲ್ಲಿನ ಜನರಿಗೆ ಅನ್ನದಷ್ಟೇ ಹೂವೂ ಅವಶ್ಯಕವೆಂದು ಬರೆದಿಟ್ಟನು. ಬೆಂಗಳೂರಿನ ಈ ವಿಜಯನಗರಕ್ಕೆ ಆ ಸಾಮ್ರಾಜ್ಯದ ಹೆಸರು ಮಾತ್ರ ಬಂದಿದೆ. ಅದರ ಮಗ್ಗುಲಲ್ಲಿ ಹಂಪಿನಗರವೂ ಇದೆ. ಹೊಸಹಳ್ಳಿ, ಅತ್ತಿಗುಪ್ಪೆ, ಮಾರೇನಹಳ್ಳಿ, ಮೂಡಲಪಾಳ್ಯ ಎಂಬ ಹಳೆಯ ಗ್ರಾಮನಾಮಗಳು ಬಡಾವಣೆಗಳ ನಡುವೆ ಇನ್ನೂ ಉಸಿರಾಡುತ್ತಿವೆ. ಕೋಟೆಯಿಲ್ಲ, ಆನೆಯ ಲಾಯವಿಲ್ಲ. ಆದರೆ ಹೂವಿನ ಮೇಲಿನ ಮೋಹ ಮಾತ್ರ ಹಾಗೆಯೇ ಉಳಿದಿದೆ. ಬೆಳಗಿನ ಆರು ಗಂಟೆಗೆ ಮಾರುತಿ ಮಂದಿರದ ಸುತ್ತಿನ ಬೀದಿಗಳಲ್ಲಿ ನಡೆದವರಿಗೆ ಇದು ತಿಳಿಯದೆ ಇರದು.

ಅಂಗಳದ ಅಳತೆ

ಇಲ್ಲಿನ ಹಳೆಯ ಮನೆಗಳಲ್ಲಿ ಗೇಟಿಗೂ ಬಾಗಿಲಿಗೂ ನಡುವೆ ನಾಲ್ಕು ಹೆಜ್ಜೆಯ ಜಾಗ. ಅದರಲ್ಲಿಯೇ ಒಂದು ತುಳಸಿಕಟ್ಟೆ, ಒಂದು ನಂದಿಬಟ್ಟಲು, ಕಾಂಪೌಂಡಿನ ಮೇಲೆ ಹಬ್ಬಿದ ಮಲ್ಲಿಗೆಯ ಬಳ್ಳಿ, ಮೂಲೆಯಲ್ಲಿ ಒಂದು ದಾಸವಾಳ. ಮನೆ ಕೆಡವಿ ಮೂರು ಅಂತಸ್ತು ಕಟ್ಟಿದವರು ಅದನ್ನೇ ಕುಂಡಕ್ಕೆ ವರ್ಗಾಯಿಸಿ ಮಹಡಿಗೆ ಏರಿಸಿದ್ದಾರೆ. ಐದು ಎಸಳಿನ ಕೆಂಪು, ಒತ್ತಾದ ಎಸಳುಗಳ ಮುದ್ದೆ ದಾಸವಾಳ, ಬಿಳಿಯದು, ಹಳದಿಯದು, ಜುಮುಕಿಯಂತೆ ತೂಗುವುದು, ಹೀಗೆ ಬಗೆ ಹಲವು. ಗಣಪತಿಗೆ ಕೆಂಪು ದಾಸವಾಳ ಪ್ರಿಯವೆಂಬುದು ಎಳೆಯ ಮಕ್ಕಳಿಗೂ ಗೊತ್ತು. ಎಲೆಯನ್ನು ಅರೆದು ತಲೆಗೆ ಹಚ್ಚಿ ಮೀಯುವ ಪದ್ಧತಿಯೂ ಪೂರ್ತಿಯಾಗಿ ಮರೆತುಹೋಗಿಲ್ಲ.

ಈ ಗಿಡದ ಮತ್ತೊಂದು ಸ್ವಭಾವವೆಂದರೆ, ಇದು ಬಹುಮಟ್ಟಿಗೆ ಅಂಗಡಿಯಿಂದ ಬರುವುದಿಲ್ಲ, ಸ್ನೇಹದಿಂದ ಬರುತ್ತದೆ. "ರೀ, ನಿಮ್ಮ ದಾಸವಾಳದ್ದು ಒಂದು ಕಡ್ಡಿ ಕೊಡ್ತೀರಾ?" ಎಂದು ಕಾಂಪೌಂಡಿನ ಈಚೆಯಿಂದ ಒಬ್ಬರು ಕೇಳುತ್ತಾರೆ. "ಅದಕ್ಕೇನಂತೆ, ತೊಗೊಳ್ಳಿ" ಎಂದು ಆಚೆಯವರು ಮುರಿದು ಕೊಡುತ್ತಾರೆ. ಗೇಣುದ್ದದ ಆ ಕಡ್ಡಿ ಮುಂದಿನ ಮಳೆಗಾಲದ ಹೊತ್ತಿಗೆ ಗಿಡವಾಗಿ, ಅದರ ಕಡ್ಡಿ ಮತ್ತೊಂದು ಮನೆಗೆ ಹೋಗುತ್ತದೆ. ಒಂದೇ ತಾಯಿಗಿಡದ ಮಕ್ಕಳು ಇಡೀ ಬೀದಿಯಲ್ಲಿ ಹೂ ಬಿಡುತ್ತಿರುತ್ತವೆ. ಈ ಕೊಡುಕೊಳ್ಳುವಿಕೆಯಲ್ಲಿಯೇ ಒಂದು ಅಪಾಯವೂ ಅಡಗಿದೆಯೆಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಕಡ್ಡಿಯೊಡನೆ ಹೂವಿನ ಬಣ್ಣ ಹೋಗುವಂತೆ, ಗಿಡದ ಮೈಯೊಳಗಿನ ನಂಜೂ ಹೋಗುತ್ತದೆ.

ಎಲೆ ಮುದುಡಿದಾಗ

ಇಂಥ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಮನೆ ಕಟ್ಟಿದ ವರ್ಷ ಯಜಮಾನರು ನೆಟ್ಟ ದಾಸವಾಳ. ಅವರು ಹೋದ ಮೇಲೂ ಪ್ರತಿದಿನ ದೇವರ ಮನೆಗೆ ಹೂ ಕೊಡುತ್ತಿರುವ ಗಿಡ. ಒಂದು ಬೇಸಿಗೆಯಲ್ಲಿ ಅದರ ಕುಡಿಯೆಲೆಗಳು ಮುದುಡತೊಡಗುತ್ತವೆ. ಮೊಗ್ಗು ಕಡಿಮೆಯಾಗುತ್ತದೆ. ಅಜ್ಜಿ ದೃಷ್ಟಿಯೆನ್ನುತ್ತಾರೆ, ಸೊಸೆ ಗೊಬ್ಬರ ಸಾಲದೆನ್ನುತ್ತಾರೆ, ಫೋನಿನಲ್ಲಿ ಚಿತ್ರ ನೋಡಿದ ಮೊಮ್ಮಗನು "ಅಜ್ಜೀ, ಇದು ವೈರಸ್. ಕಿತ್ತು ಹಾಕೋದೊಂದೇ ದಾರಿ" ಎಂದು ತೀರ್ಪು ಕೊಡುತ್ತಾನೆ. ಮೊಮ್ಮಗನ ಮಾತು ನಿಜವಾದರೆ ಉಪಾಯವಿಲ್ಲ; ನಂಜಾಣು ಹೊಕ್ಕ ಗಿಡವನ್ನು ವಾಸಿಮಾಡುವ ಔಷಧಿ ಇಂದಿಗೂ ಇಲ್ಲ. ಆದರೆ ಮಾತು ತಪ್ಪಾಗಿದ್ದರೆ? ನಿರಪರಾಧಿಯಾದ ಗಿಡವೊಂದು ಸುಮ್ಮನೆ ಪ್ರಾಣ ಬಿಡಬೇಕಾಗುತ್ತದೆ. ಆದಕಾರಣ ರೋಗವನ್ನು ಗುರುತಿಸುವ ಕೆಲಸ ಪಂಡಿತರ ವಿನೋದವಲ್ಲ. ಅದು ಅಂಗಳದ ನ್ಯಾಯ.

ದಾಸವಾಳದ ಕುಡಿ ಮುದುಡುವುದಕ್ಕೆ ಬೆಂಗಳೂರಿನಲ್ಲಿ ಅತಿ ಸಾಮಾನ್ಯವಾದ ಕಾರಣ ನಂಜಾಣುವಲ್ಲ, ಹಿಟ್ಟು ತಿಗಣೆ. ಇದರಲ್ಲಿ ಒಂದು ಜಾತಿಗೆ ದಾಸವಾಳದ ಹೆಸರೇ ಅಂಟಿದೆ: ದಾಸವಾಳದ ಗುಲಾಬಿ ಹಿಟ್ಟು ತಿಗಣೆ. ನಸುಗೆಂಪು ಮೈಯ ಮೇಲೆ ಬಿಳಿಯ ಮೇಣದ ಹುಡಿಯನ್ನು ಹೊದ್ದ ಈ ಪುಟ್ಟ ಕೀಟ ರಸ ಹೀರುವಾಗ ತನ್ನ ಜೊಲ್ಲನ್ನು ಗಿಡದೊಳಕ್ಕೆ ಬಿಡುತ್ತದೆ. ಆ ಜೊಲ್ಲಿನ ವಿಷಕ್ಕೆ ಕುಡಿಯೆಲೆಗಳು ಸುಕ್ಕಾಗಿ, ಗೆಣ್ಣುಗಳು ಹತ್ತಿರವಾಗಿ, ತುದಿಯೆಲ್ಲ ಒಂದು ಗಂಟಿನಂತೆ ಮುದ್ದೆಗಟ್ಟುತ್ತದೆ. ವಿಜಯನಗರದಿಂದ ಮೈಸೂರು ರಸ್ತೆಯಲ್ಲಿಯೇ ಮುಂದುವರಿದು ರಾಮನಗರದ ಕಡೆಗೆ ಹೋದರೆ ರೇಷ್ಮೆಯ ಸೀಮೆ. ಅಲ್ಲಿ ಹಿಪ್ಪುನೇರಳೆಯ ಕುಡಿ ಹೀಗೆ ಮುದುಡುವುದನ್ನು ರೈತರು 'ತುಕ್ರಾ' ಎನ್ನುತ್ತಾರೆ. ಕೀಟ ಅದೇ, ಗಿಡ ಬೇರೆ. ಇದೇ ಕೀಟ 1994ರಲ್ಲಿ ಕಡಲಾಚೆಯ ಗ್ರೆನಡಾ ದ್ವೀಪದಲ್ಲಿ ಕಾಣಿಸಿಕೊಂಡು ಕ್ಯಾರಿಬಿಯನ್ ದ್ವೀಪಗಳ ತೋಟಗಳನ್ನು ತತ್ತರಿಸುವಂತೆ ಮಾಡಿತು.

ಮುದುಡಿದ ಕುಡಿಯನ್ನು ಬೆರಳಿನಿಂದ ಬಿಡಿಸಿ ನೋಡಬೇಕು. ಒಳಗೆ ಹತ್ತಿಯಂತಹ ಬಿಳಿಯ ಪುಡಿಯೂ ಅದರ ಬಳಿ ಓಡಾಡುವ ಇರುವೆಗಳೂ ಕಂಡರೆ ಅಪರಾಧಿ ಹಿಟ್ಟು ತಿಗಣೆಯೇ. ಇರುವೆಗಳು ಅದರ ಸಿಹಿ ದ್ರವಕ್ಕಾಗಿ ಕಾವಲು ನಿಂತಿರುತ್ತವೆ. ಆ ತುದಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಹಾಕಿ, ಉಳಿದ ಗಿಡಕ್ಕೆ ರಭಸವಾಗಿ ನೀರು ಹೊಡೆದು, ಬೇವಿನೆಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕದಡಿ ಸಿಂಪಡಿಸಿದರೆ ಸಾಮಾನ್ಯವಾಗಿ ಗಿಡ ಚೇತರಿಸಿಕೊಳ್ಳುತ್ತದೆ. ಹಿಟ್ಟು ತಿಗಣೆಯನ್ನು ತಿಂದು ಬದುಕುವ ಗುಲಗಂಜಿ ಹುಳುಗಳೂ ಉಂಟು. ಅವು ಕಂಡಲ್ಲಿ ಘೋರವಾದ ಕೀಟನಾಶಕವನ್ನು ಸುರಿಯುವುದು ನೆರವಿಗೆ ಬಂದವನನ್ನೇ ಹೊಡೆದಟ್ಟಿದಂತೆ.

ಎರಡನೆಯ ಸಂಶಯ ಹಳದಿಯದು. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿದಿದ್ದರೆ ಅದು ಸಾಧಾರಣವಾಗಿ ಕಬ್ಬಿಣದ ಅಂಶದ ಕೊರತೆ. ಸುಣ್ಣದ ಅಂಶ ಹೆಚ್ಚಿರುವ ಕೊಳವೆಬಾವಿಯ ಗಡಸು ನೀರನ್ನೇ ಸದಾ ಉಣ್ಣುವ ಕುಂಡದ ಗಿಡಗಳಲ್ಲಿ ಇದು ಕಂಡುಬರುತ್ತದೆ. ನಂಜಾಣುವಿನ ಹಳದಿಯ ರೀತಿ ಬೇರೆ. ಮಹಡಿಯ ಕುಂಡದಲ್ಲಿ ಬೆಳೆದ ಬೆಂಡೆಗೆ ಬರುವ ಹಳದಿ ನಂಜುರೋಗದಲ್ಲಿ ನರಗಳೇ ಹಳದಿಯ ಬಲೆಯಾಗಿ, ನಡುವಣ ಭಾಗ ಹಸುರಾಗಿ ಉಳಿಯುತ್ತದೆ. ಕೊರತೆಯ ಚಿತ್ರಕ್ಕೆ ಇದು ತೀರ ವಿರುದ್ಧ. ಎಲೆಯ ಮೇಲೆ ಉಂಗುರದಂತಹ ಮಸುಕು ಮಚ್ಚೆಗಳು ಬಿದ್ದಿದ್ದರೆ ಅದೂ ಸಂಶಯಕ್ಕೆ ಎಡೆ. ದಾಸವಾಳಕ್ಕೆ ಇಂತಹ ಉಂಗುರಮಚ್ಚೆಯ ನಂಜಾಣುವೊಂದು ಜಗತ್ತಿನ ಹಲವೆಡೆ ಇದೆ. ಅದು ಕತ್ತರಿಯ ಅಲಗಿಗೆ ಅಂಟಿದ ರಸದಿಂದಲೂ ಗಿಡದಿಂದ ಗಿಡಕ್ಕೆ ದಾಟುತ್ತದೆ.

ಮೂರನೆಯದು ನಿಜವಾದ ಎಲೆ ಮುಟುರು ರೋಗ. ಇದರಲ್ಲಿ ಎಲೆಯಂಚು ಮೇಲ್ಮುಖವಾಗಿ ಸುರುಳಿಗೊಳ್ಳುತ್ತದೆ. ಎಲೆಯನ್ನು ಮಗುಚಿ ಬೆಳಕಿಗೆ ಹಿಡಿದರೆ ನರಗಳು ದಪ್ಪವಾಗಿ ಉಬ್ಬಿರುವುದು ಕಾಣುತ್ತದೆ. ಎಲೆ ಚಿಕ್ಕದಾಗುತ್ತದೆ, ಗಿಡ ಕುಗ್ಗುತ್ತದೆ. ಬಿಳಿಯ ಪುಡಿಯ ಸುಳಿವಿಲ್ಲ. ಆದರೆ ಗಿಡವನ್ನು ಮೆಲ್ಲನೆ ಅಲುಗಿಸಿದರೆ ಎಲೆಗಳ ಅಡಿಯಿಂದ ಬೂದಿ ಹಾರಿದಂತೆ ಸಣ್ಣ ಬಿಳಿಯ ಕೀಟಗಳು ಎದ್ದು ಮತ್ತೆ ಅಲ್ಲಿಯೇ ಕುಳಿತುಕೊಳ್ಳಬಹುದು. ಅವು ಬಿಳಿನೊಣಗಳು, ಉದ್ದ ಸುಮಾರು ಒಂದು ಮಿಲಿಮೀಟರು. ರೋಗವನ್ನು ಹೊತ್ತು ತಿರುಗುವ ಅಂಚೆಯವರು ಇವರೇ.

ಹೆಬ್ಬಾಳದ ದಾರಿ

ಕಣ್ಣು ಹೇಳುವುದು ಇಲ್ಲಿಗೆ ಮುಗಿಯುತ್ತದೆ. ಮುಂದಿನ ಸಾಕ್ಷ್ಯಕ್ಕೆ ವಿಜಯನಗರದಿಂದ ಊರನ್ನು ಅಡ್ಡಹಾಯ್ದು ಹೆಬ್ಬಾಳದಾಚೆಯ ಬಳ್ಳಾರಿ ರಸ್ತೆಗೆ ಹೋಗಬೇಕು. ಅಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಶಾಲವಾದ ಆವರಣದಲ್ಲಿ, 1964ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯವಿದೆ. ಬಿಳಿನೊಣ ಹರಡುವ ನಂಜಾಣುಗಳ ಅಧ್ಯಯನಕ್ಕೆ ಈ ಸಂಸ್ಥೆ ಜಗತ್ತಿನ ವಿದ್ವಾಂಸರಿಗೆ ಪರಿಚಿತವಾದುದು. ಬೆಂಗಳೂರಿನ ಹೆಸರನ್ನೇ ಹೊತ್ತ ನಂಜಾಣುಗಳು ಎರಡಿವೆ: ಟೊಮ್ಯಾಟೊ ಎಲೆ ಮುಟುರಿನ ಬೆಂಗಳೂರು ನಂಜಾಣು ಒಂದು, ಹತ್ತಿ ಎಲೆ ಮುಟುರಿನ ಬೆಂಗಳೂರು ನಂಜಾಣು ಮತ್ತೊಂದು. ನಗರಕ್ಕೆ ಇದು ಹೆಮ್ಮೆಯೋ ಮುಜುಗರವೋ ಹೇಳುವುದು ಕಷ್ಟ. ಗುರುತಿಸಿದವರಿಗೆ ಮಾತ್ರ ಗೌರವವೇ.

ಈ ವಿಶ್ವವಿದ್ಯಾನಿಲಯದ ಸಸ್ಯರೋಗತಜ್ಞ ವಿ. ಮುನಿಯಪ್ಪನವರೂ ಅವರ ಸಂಗಡಿಗರೂ ಬ್ರಿಟನ್ನಿನ ವಿಜ್ಞಾನಿಗಳೊಡನೆ ಸೇರಿ ದಾಸವಾಳದ ಎಲೆ ಮುಟುರನ್ನು ಪರೀಕ್ಷಿಸಿ, ಅದರ ಫಲವನ್ನು 2005ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ದಾಸವಾಳದಲ್ಲಿಯೇ ಈ ರೋಗ ಕಂಡಿತ್ತು. ಅದು ಬಿಳಿನೊಣದಿಂದಲೂ ಕಸಿಯಿಂದಲೂ ದಾಟುವ ಬೆಗೊಮೊ ಎಂಬ ಗುಂಪಿನ ನಂಜಾಣುವೆಂದೂ, ಹತ್ತಿಯ ಎಲೆ ಮುಟುರನ್ನು ತರುವ ನಂಜಾಣುಗಳಿಗೆ ಹತ್ತಿರದ ಸಂಬಂಧಿಯೆಂದೂ ತಿಳಿದುಬಂತು.

ಗುರುತಿಸುವ ಕ್ರಮ ಕುತೂಹಲಕರವಾದುದು. ಮೊದಲು ರೋಗದ ಗಿಡದ ಕುಡಿಯನ್ನು ಆರೋಗ್ಯವಂತ ಗಿಡಕ್ಕೆ ಕಸಿ ಮಾಡಿ ಕಾಯುತ್ತಾರೆ. ಹೊಸ ಗಿಡವೂ ಮುದುಡಿದರೆ ಇದು ಗೊಬ್ಬರದ ಕೊರತೆಯಲ್ಲ, ಅಂಟುವ ರೋಗವೆಂದಾಯಿತು. ಬಳಿಕ ಶುದ್ಧವಾಗಿ ಸಾಕಿದ ಬಿಳಿನೊಣಗಳನ್ನು ರೋಗದ ಎಲೆಯ ಮೇಲೆ ಮೇಯಲು ಬಿಟ್ಟು, ಬಲೆಯೊಳಗಿನ ಒಳ್ಳೆಯ ಗಿಡಕ್ಕೆ ವರ್ಗಾಯಿಸುತ್ತಾರೆ. ಆ ಗಿಡಕ್ಕೂ ರೋಗ ಬಂದರೆ ವಾಹಕ ಯಾರೆಂಬುದು ಖಚಿತವಾಯಿತು. ಕೊನೆಯದು ಪಿ.ಸಿ.ಆರ್. ಪರೀಕ್ಷೆ. 2020ರ ಕೊರೋನಾ ಕಾಲದಲ್ಲಿ ಮನೆಮಾತಾದ ಈ ವಿಧಾನವನ್ನು ಅಮೆರಿಕದ ಕ್ಯಾರಿ ಮುಲ್ಲಿಸ್ 1983ರಲ್ಲಿ ರೂಪಿಸಿದನು. ಎಲೆಯ ರಸದೊಳಗಿನ ನಂಜಾಣುವಿನ ವಂಶತಂತುವನ್ನು ಮತ್ತೆ ಮತ್ತೆ ಇಮ್ಮಡಿಗೊಳಿಸಿ, ಅದರ ಅಕ್ಷರಗಳನ್ನು ಓದಿ, ಇದು ಯಾರ ಮನೆತನದ್ದೆಂದು ತೀರ್ಮಾನಿಸುವುದು ಇದರಿಂದ ಸಾಧ್ಯ. ಆ ನಂಜಾಣುವಿನ ಆಕಾರವೂ ವಿಚಿತ್ರವೇ: ಒಂದಕ್ಕೊಂದು ಅಂಟಿದ ಅವಳಿ ಮುತ್ತುಗಳಂತೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅಂತಹ ಸುಮಾರು 38 ಪಾಲು ಅದರ ಉದ್ದ, ಸುಮಾರು 22 ಪಾಲು ಅಗಲ.

ರೋಗದ ಚೆಲುವು

ಅಲಂಕಾರದ ಗಿಡಗಳ ವಿಷಯದಲ್ಲಿ ಗುರುತಿಸುವಿಕೆಗೆ ಮತ್ತೊಂದು ತೊಡಕುಂಟು. ಹೊಲದ ಬೆಳೆಗೆ ರೋಗ ಬಂದರೆ ಫಸಲು ಕುಸಿದು ರೈತನಿಗೆ ತಿಳಿಯುತ್ತದೆ. ತೋಟದ ಗಿಡಕ್ಕೆ ಬಂದ ರೋಗ ಕೆಲವೊಮ್ಮೆ ಚೆಲುವಿನ ವೇಷದಲ್ಲಿ ಬರುತ್ತದೆ. ಜಪಾನಿನ ರಾಣಿ ಕೋಕೆನ್ 752ರಲ್ಲಿ ಬರೆದ ಕವಿತೆಯೊಂದು 'ಮಾನ್ಯೋಶು' ಎಂಬ ಪ್ರಾಚೀನ ಸಂಕಲನದಲ್ಲಿದೆ. ಬೇಸಿಗೆಯಲ್ಲಿಯೇ ಹಳದಿಗೆ ತಿರುಗಿದ ಕಾಡುಗಿಡವೊಂದರ ಎಲೆಗಳನ್ನು ಆಕೆ ಅಲ್ಲಿ ವರ್ಣಿಸಿದ್ದಾಳೆ. ಆ ಹಳದಿ ಋತುವಿನದಲ್ಲ, ನಂಜಾಣುವಿನದೆಂದು ವಿಜ್ಞಾನಿಗಳು 2003ರಲ್ಲಿ ತೋರಿಸಿಕೊಟ್ಟರು. ಸಸ್ಯಗಳ ನಂಜುರೋಗದ ಅತ್ಯಂತ ಹಳೆಯ ದಾಖಲೆಯೆಂದು ಆ ಕವಿತೆ ಈಗ ಪ್ರಸಿದ್ಧ. ಆ ನಂಜಾಣು ದಾಸವಾಳದ ಮುಟುರಿನ ಬೆಗೊಮೊ ಕುಲಕ್ಕೇ ಸೇರಿದುದು.

ಇನ್ನೊಂದು ಉದಾಹರಣೆ ದಾಸವಾಳದ ದಾಯಾದಿಯದೇ. ಅಬುಟಿಲಾನ್ ಎಂಬ ಅಲಂಕಾರದ ಗಿಡದ ಚಿತ್ತಾರದೆಲೆಯ ತಳಿಯೊಂದು 1868ರಲ್ಲಿ ವೆಸ್ಟ್ ಇಂಡೀಸಿನಿಂದ ಇಂಗ್ಲೆಂಡಿಗೆ ಬಂತು. ಹಸುರು ಹಳದಿಗಳ ಆ ಮೋಹಕ ಚಿತ್ತಾರಕ್ಕೆ ಮರುಳಾಗಿ ಯುರೋಪಿನ ತೋಟದವರು ಕಡ್ಡಿಯಿಂದ ಕಡ್ಡಿಗೆ ಅದನ್ನು ಹರಡಿದರು. ಆ ಚಿತ್ತಾರ ಕಸಿಯ ಮೂಲಕ ಅಂಟುವ ರೋಗವೆಂದು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಜರ್ಮನಿಯ ಬಾವರ್ ತೋರಿಸಿದನು. ಹಾಗೆಂದು ಬಣ್ಣದೆಲೆಯ ಗಿಡವನ್ನೆಲ್ಲ ಶಂಕಿಸಬೇಕಾಗಿಲ್ಲ. ಲಾಲ್‌ಬಾಗಿನ ಕ್ರೋಟನ್ನುಗಳ ವರ್ಣವೈಭವವೂ, ಬಿಳಿ ಕೆಂಪು ಮಿಶ್ರಿತ ಎಲೆಯ ಒಂದು ಬಗೆಯ ದಾಸವಾಳದ ಸೊಬಗೂ ಹುಟ್ಟುಗುಣ, ರೋಗವಲ್ಲ. ಹುಟ್ಟುಗುಣದ ಬಣ್ಣ ಗಿಡದ ಮೊದಲ ದಿನದಿಂದಲೇ ಇರುತ್ತದೆ. ಹಸುರಾಗಿ ಬೆಳೆಯುತ್ತಿದ್ದ ಗಿಡದಲ್ಲಿ ಹೊಸದಾಗಿ ಮೂಡಿದ ಚಿತ್ತಾರವೇ ಪ್ರಶ್ನೆಗೆ ಅರ್ಹವಾದುದು.

ಕಾಂಪೌಂಡಿನ ಆಚೆ

ಒಂದು ಮನೆಯ ದಾಸವಾಳ ಮುದುಡಿದರೆ ಲೋಕಕ್ಕೇನು ನಷ್ಟವೆಂದು ಕೇಳಬಹುದು. ಹತ್ತಿ, ಬೆಂಡೆ, ದಾಸವಾಳ ಒಂದೇ ಕುಟುಂಬದ ಗಿಡಗಳು. ಹತ್ತಿಯೂ ಬೆಂಡೆಯೂ ಸುಗ್ಗಿಯೊಡನೆ ಮುಗಿದುಹೋಗುತ್ತವೆ. ದಾಸವಾಳ ವರ್ಷವಿಡೀ ಹಸುರಾಗಿರುತ್ತದೆ. ಹೊಲ ಬರಿದಾದಾಗ ನಂಜಾಣುವಿಗೆ ಅದು ತಂಗುದಾಣವಾಗಬಲ್ಲದು. ಮುಲ್ತಾನಿನ ಹೆಸರಿನ ಹತ್ತಿ ಎಲೆ ಮುಟುರಿನ ನಂಜಾಣು 1990ರ ದಶಕದಲ್ಲಿ ಪಾಕಿಸ್ತಾನದ ಹತ್ತಿಬೆಳೆಯನ್ನು ನೆಲಕಚ್ಚಿಸಿತು. ಅದೇ ನಂಜಾಣು 2006ರಲ್ಲಿ ದಕ್ಷಿಣ ಚೀನದ ಗುವಾಂಗ್‌ಜೌ ನಗರದಲ್ಲಿ ತಲೆದೋರಿದಾಗ ಕಾಣಿಸಿಕೊಂಡದ್ದು ಹತ್ತಿಯ ಹೊಲದಲ್ಲಲ್ಲ, ದಾಸವಾಳದ ಗಿಡದಲ್ಲಿ. ಹೂವಿನ ಗಿಡದಲ್ಲಿ ಕುಳಿತು ಬರುವ ಶತ್ರುವನ್ನು ತಡೆದು ನಿಲ್ಲಿಸುವವರು ಕಡಿಮೆ.

ಹಾಗಾದರೆ ಅಜ್ಜಿಯ ಗಿಡದ ಗತಿಯೇನು? ಪ್ರಯೋಗಶಾಲೆಗೆ ಹೋಗುವ ಮೊದಲು ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯುಂಟು. ಮುದುಡಿದ ತುದಿಗಳನ್ನೆಲ್ಲ ಕತ್ತರಿಸಿ, ಕೀಟಗಳನ್ನು ಸಾಬೂನಿನ ನೀರಿನಿಂದ ತೊಳೆದು, ಗಿಡಕ್ಕೆ ತೆಳುವಾದ ಪರದೆ ಕಟ್ಟಿ ಹೊಸ ಚಿಗುರಿಗಾಗಿ ಕಾಯಬೇಕು. ಮರುಚಿಗುರು ನೆಟ್ಟಗೆ, ಅಗಲವಾಗಿ ಬಂದರೆ ಪೀಡೆ ಹೊರಗಿನದು, ಗಿಡ ಬದುಕಿತು. ಕೀಟವಿಲ್ಲದ ಪರದೆಯೊಳಗೂ ಚಿಗುರು ಮತ್ತೆ ಮತ್ತೆ ಮುದುಡಿ, ನರ ಉಬ್ಬಿಯೇ ಬಂದರೆ ಪೀಡೆ ರಸದೊಳಗಿದೆಯೆಂದು ಬಲವಾಗಿ ಶಂಕಿಸಬೇಕು. ಆಗ ಎಲೆಯ ಮಾದರಿಯನ್ನು ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೋ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿಯೋ ತಿಳಿದವರಿಗೆ ತೋರಿಸಿ ವಿಚಾರಿಸುವುದು ಲೇಸು.

ರೋಗ ಖಚಿತವಾದರೆ ಕಠಿಣವಾದ ಕೆಲಸವನ್ನು ಮಾಡಲೇಬೇಕು. ಅದಕ್ಕೂ ಕ್ರಮವುಂಟು. ಗಿಡವನ್ನು ಅಲುಗಿಸಿ ಕಿತ್ತರೆ ಬಿಳಿನೊಣಗಳು ಎದ್ದು ಪಕ್ಕದ ಮನೆಗೆ ಹೋಗುತ್ತವೆ. ಮುಂಜಾನೆಯ ತಂಪಿನಲ್ಲಿ ಮೊದಲು ಸಾಬೂನಿನ ನೀರನ್ನು ಎಲೆಗಳ ಅಡಿಗೆ ಸಿಂಪಡಿಸಿ, ದೊಡ್ಡ ಚೀಲವನ್ನು ಮುಚ್ಚಿ, ಆಮೇಲೆ ಬೇರುಸಹಿತ ತೆಗೆಯಬೇಕು. ಕೊಂಬೆಗಳನ್ನು ಬೀದಿಯ ಮೂಲೆಗೆ ಎಸೆಯಬಾರದು. ಕತ್ತರಿಯನ್ನು ತೊಳೆದು ಒರಸದೆ ಇನ್ನೊಂದು ಗಿಡಕ್ಕೆ ತಾಗಿಸಬಾರದು. ಅದೇ ಮಣ್ಣಿನಲ್ಲಿ ಮತ್ತೊಂದು ದಾಸವಾಳವನ್ನು ನಿಶ್ಚಿಂತೆಯಾಗಿ ನೆಡಬಹುದು. ಎಲೆ ಮುಟುರಿನ ನಂಜಾಣು ಮಣ್ಣಿನಲ್ಲಿ ಉಳಿಯುವಂಥದಲ್ಲ. ಗಿಡದ ನಂಜು ಮನುಷ್ಯನಿಗೆ ಅಂಟುವುದೂ ಇಲ್ಲ. ಕೊನೆಯ ದಿನದವರೆಗೆ ಅರಳಿದ ಹೂವನ್ನು ದೇವರಿಗೆ ಏರಿಸಲು ಯಾವ ಅಡ್ಡಿಯೂ ಇಲ್ಲ.

ಅಪರೂಪದ ತಳಿಯನ್ನು ಉಳಿಸಿಕೊಳ್ಳಲು ವಿಜ್ಞಾನ ಒಂದು ಕಿರುದಾರಿಯನ್ನೂ ತೆರೆದಿದೆ. ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ಎಂಬವರು 1952ರಲ್ಲಿ ನಂಜುಹಿಡಿದ ಡೇಲಿಯಾ ಗಿಡದ ಕುಡಿಯ ತುತ್ತತುದಿಯನ್ನು, ಕಣ್ಣಿಗೆ ಕಾಣದಷ್ಟು ಸಣ್ಣ ಚೂರನ್ನು, ಗಾಜಿನ ನಳಿಗೆಯಲ್ಲಿ ಬೆಳೆಸಿ ರೋಗವಿಲ್ಲದ ಗಿಡವನ್ನು ಪಡೆದರು. ನಂಜಾಣು ಬೆಳೆಯುವ ಆ ತುದಿಯನ್ನು ಬಹುವೇಳೆ ಮುಟ್ಟಿರುವುದಿಲ್ಲ. ಇಂದಿನ ಅಂಗಾಂಶ ಕೃಷಿಗೆ ಆ ಹೂವಿನ ಗಿಡವೇ ಒಂದು ಮೆಟ್ಟಿಲಾಯಿತು. ಆದರೆ ಅಂಗಳದ ಮಟ್ಟಿಗೆ ಇದಕ್ಕಿಂತ ಸುಲಭವಾದ ದಾರಿಯೆಂದರೆ, ಗಿಡ ನಳನಳಿಸುತ್ತಿದ್ದಾಗ ಕೊಟ್ಟ ಕಡ್ಡಿ ಎಲ್ಲಿ ಬೆಳೆದಿದೆಯೆಂದು ನೆನಪು ಮಾಡಿಕೊಳ್ಳುವುದು. ಹತ್ತು ವರ್ಷದ ಹಿಂದೆ ಮಾರೇನಹಳ್ಳಿಯ ನೆಂಟರಿಗೆ ಕೊಟ್ಟ ತುಂಡು ಅಲ್ಲಿ ಅಗಲವಾದ ಎಲೆಗಳೊಡನೆ ನಿಂತಿದ್ದರೆ, ಯಜಮಾನರು ನೆಟ್ಟ ಗಿಡ ಸತ್ತಿಲ್ಲ. ಬೇರೊಂದು ಅಂಗಳದಲ್ಲಿದೆ, ಅಷ್ಟೆ. ಅದರ ಒಂದು ಕಡ್ಡಿಯನ್ನು ತವರಿಗೆ ಮರಳಿ ತಂದು ನೆಡಬಹುದು.

ವಿಜಯನಗರದ ಬೀದಿಗಳಲ್ಲಿ ಕಡ್ಡಿ ಕೊಡುವ ಪದ್ಧತಿ ನಿಲ್ಲಬೇಕಾಗಿಲ್ಲ, ನಿಲ್ಲಲೂಬಾರದು. ಕೊಡುವ ಮುನ್ನ ಗಿಡದ ಕುಡಿಯನ್ನು ಬಿಡಿಸಿ, ಎಲೆಯನ್ನು ಮಗುಚಿ ಒಮ್ಮೆ ನೋಡಿದರೆ ಸಾಕು. ಅಂಗಡಿಯ ಗಿಡವನ್ನಾಗಲಿ, ತಳ್ಳುಗಾಡಿಯವನು ತಂದ ಗಿಡವನ್ನಾಗಲಿ ಕೊಳ್ಳುವಾಗಲೂ ಹೂವಿನ ಕಡೆಗೆ ನೋಡುವ ಮೊದಲು ಎಲೆಯ ಬೆನ್ನನ್ನು ನೋಡುವುದು ಒಳಿತು. ಹೂವು ಒಂದು ದಿನದ ಅತಿಥಿ. ಗಿಡದ ನಿಜವಾದ ಸಮಾಚಾರವನ್ನು ಎಲೆಯೇ ಹೇಳುತ್ತದೆ.